ಗಿರಾಕಿಯ ಹೆಸರು ಕೇಳುವ ಮೇಷ್ಟ್ರು

ನಮ್ಮ ವಿಭಾಗದಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಎಂಬಿಎ ಮಕ್ಕಳಿಗೆ ಮಾರ್ಕೆಟಿಂಗ್ ಕಲಿಸುವುದು ಅವರ ಕೆಲಸ. ಅವರು ಕಲಿಸದೆ ಬಿಟ್ಟ ಸಿಲಬಸ್ಸನ್ನು ಓಡೋಡಿ ಮುಗಿಸುವುದು ನನ್ನ ಕೆಲಸ. ಅವರ ಪಕ್ಕದ ಕುರ್ಚಿ ನನಗೇ ಬರಬೇಕಿತ್ತೇ? ಹಿಂದಿನ ಜನ್ಮದಲ್ಲಿ ಯಾರದೋ ಪಠ್ಯಪುಸ್ತಕ ಕದ್ದಿರಬೇಕು ನಾನು.

ಮಕ್ಕಳೂ ಕಡಿಮೆಯೇನಲ್ಲ. ಹೋದ ಸೆಮಿಸ್ಟರಿನಲ್ಲಿ ಎಂಟು ಗುಂಪುಗಳು ಸ್ಲೈಡ್ ತೋರಿಸಿದವು. ಎಂಟರಲ್ಲೂ ಅದೇ ಮಾತು, ಅದೇ ತಪ್ಪು. ಎಲ್ಲವನ್ನೂ ಎಐ ಬರೆದುಕೊಟ್ಟಿತ್ತು. ನಾನು ರೇಗಿದೆ. ಮೇಷ್ಟ್ರು ಮಾತ್ರ ಮುಂದಿನ ಬೆಂಚಿನ ಹುಡುಗಿಯನ್ನು ನಿಧಾನವಾಗಿ ಕೇಳಿದರು:

“ನಿನ್ನ ಗಿರಾಕಿ ಯಾರಮ್ಮ?”

“ಇಪ್ಪತ್ತೈದರಿಂದ ಮೂವತ್ತೈದು, ಅರ್ಬನ್ ಫೀಮೇಲ್, ಸರ್.”

“ವಯಸ್ಸು ಕೇಳ್ಲಿಲ್ಲ. ಹೆಸರೇನು?”

ಹುಡುಗಿ ಸ್ಲೈಡಿನಲ್ಲಿ ಹೆಸರು ಹುಡುಕತೊಡಗಿದಳು.

ಮರುದಿನ ಕೆ.ಆರ್. ಪುರದ ನಮ್ಮ ಕಾಲೇಜಿನಿಂದ ನಲವತ್ತು ಮಕ್ಕಳನ್ನು ಬಸ್ಸು ಹತ್ತಿಸಿ ಶಿವಾಜಿನಗರದ ಮಾರ್ಕೆಟ್ಟಿಗೆ ಕರೆದೊಯ್ದರು, ಗಿರಾಕಿಗಳನ್ನು ಮಾತಾಡಿಸಿಕೊಂಡು ಬರಲು. ಅನುಮತಿಯೇ? ಹಾಗಂದರೇನು? ಹಿಂದಿರುಗಿದವರು ಮೂವತ್ತೇಳು. ಇಬ್ಬರು ಫ್ರೇಜರ್ ಟೌನಿನಲ್ಲಿ ಕಬಾಬ್ ತಿನ್ನುತ್ತಿದ್ದರು. ಮೂರನೆಯವನ ಸುದ್ದಿ ಅವನ ಅಪ್ಪನ ಫೋನಿನಿಂದ ತಿಳಿಯಿತು.

“ಮೇಡಂ, ಮಗನ್ನ ಎಂಬಿಎಗೆ ಸೇರ್ಸಿದ್ವಿ. ಅವ್ನು ಯಾರದೋ ಗಾಡಿ ಮುಂದೆ ನಿಂತು ನಿಂಬೆಹಣ್ಣು ಮಾರ್ತಿದ್ದ. ನಮ್ಮನೆಯವ್ರೇ ಹೋಗಿ ಅವನ್ಹತ್ರಾನೇ ಹಣ್ಣು ಕೊಂಡ್ಕೊಂಡ್ ಬಂದಿದಾರೆ.”

ಮೇಷ್ಟ್ರಿಗೆ ದೂರು ಮುಟ್ಟಿಸಿದೆ. “ಚೌಕಾಸಿ ಮಾಡಿದ್ರಂತಾ?” ಎಂದರು.

ಆಮೇಲೆ ಇಂಟರ್ನಲ್ಸ್ ಬಂತು. ಅದಕ್ಕೆ ಅವರು ಕೊಟ್ಟದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಯಾರು, ತಮಗೆ ಬೇಕಾದ ಯಾವ ವಸ್ತುವನ್ನು ಕೊಳ್ಳದೆ ಬಿಟ್ಟಿದ್ದಾರೆ? ಏಕೆ? ಕೇಳಿಕೊಂಡು ಬಂದು ಬರೆಯಿರಿ.’

“ಸರ್, ಇದಕ್ಕೆ ಮಾರ್ಕ್ಸ್ ಹೇಗೆ ಹಾಕ್ಬೇಕು?” ಎಂದೆ.

“ಕೇಳಿದೋರಿಗೆ ಪೂರ್ತಿ. ಊಹೆ ಮಾಡಿದೋರಿಗೆ ಸೊನ್ನೆ.” ಹೀಗೆಂದು ಉತ್ತರಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಕಾಫಿಗೆ ಹೋದರು.

ಬೈದುಕೊಂಡೇ ತಿದ್ದಲು ಕುಳಿತೆ. ಮುಂದಿನ ಬೆಂಚಿನ ಹುಡುಗಿಯ ಮನೆ ಹಲಸೂರಿನಲ್ಲಿ. ಅವಳು ಬರೆದಿದ್ದಳು: ‘ಅಮ್ಮನಿಗೆ ಎದುರಿಗೆ ನಿಂತವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಆದರೂ ಕನ್ನಡಕ ಬೇಡವೆನ್ನುತ್ತಾಳೆ. ದುಡ್ಡಿಗೆ ಹಿಂಜರಿಯುತ್ತಾಳೆ ಅಂದುಕೊಂಡಿದ್ದೆ. ಈಗ ಕೇಳಿದೆ. ಅಂಗಡಿಯಲ್ಲಿ ಅಕ್ಷರ ಓದಿಸುತ್ತಾರಂತೆ. ಓದಲು ಬರುವುದಿಲ್ಲವೆಂದು ನಾಲ್ಕು ಜನರ ಮುಂದೆ ಗೊತ್ತಾಗುತ್ತದೆ ಎಂದಳು.’

ಆ ಹಾಳೆಯನ್ನು ಮೇಷ್ಟ್ರಿಗೆ ಕೊಟ್ಟೆ. ಎರಡು ಸಲ ಓದಿದರು. ಕಾಫಿ ಆರಿಹೋಯಿತು.

ಆ ಶನಿವಾರ ತಾಯಿ ಮಗಳ ಜೊತೆ ನಾವಿಬ್ಬರೂ ಇಂದಿರಾನಗರದ ಒಂದು ಕನ್ನಡಕದ ಅಂಗಡಿಗೆ ಹೋದೆವು. ಮೇಷ್ಟ್ರು ಮೊದಲು ಒಬ್ಬರೇ ಒಳಹೊಕ್ಕು ಅಂಗಡಿಯವರ ಕಿವಿಯಲ್ಲಿ ಏನೋ ಹೇಳಿದರು. ಅವರು ಅಕ್ಷರಗಳ ಚಾರ್ಟ್ ತೆಗೆದು ಬರೀ ಗೆರೆಗಳಿದ್ದ ಇನ್ನೊಂದನ್ನು ತೂಗುಹಾಕಿದರು. ಗೆರೆ ಯಾವ ಕಡೆ ತಿರುಗಿದೆ ಎಂದು ಕೈ ತೋರಿಸಿದರೆ ಸಾಕು. ಆ ತಾಯಿ ಮೊದಲು ಅಂಜುತ್ತ, ಆಮೇಲೆ ಚುರುಕಾಗಿ ಕೈ ತೋರಿಸಿದರು.

ಪರೀಕ್ಷೆಯ ಗಾಜುಗಳು ಸರಿಹೊಂದಿದಾಗ ಅಂಗಡಿಯವರು ಕನ್ನಡಿ ಮುಂದೆ ಹಿಡಿದರು. ಆ ತಾಯಿ ಅದನ್ನು ನೋಡಲೇ ಇಲ್ಲ. ಬಾಗಿಲ ಬಳಿ ನಿಂತಿದ್ದ ಮಗಳನ್ನೇ ಬಹಳ ಹೊತ್ತು ನೋಡಿದರು.

“ಇಷ್ಟು ಸೊರಗ್ಹೋಗಿದೀಯಲ್ಲೇ,” ಎಂದರು. “ನಂಗೆ ಗೊತ್ತೇ ಆಗಿರ್ಲಿಲ್ಲ.”