ಒಂಬತ್ತನೆಯ ಕಾಲಂ

ಅರ್ಜಿಯ ಉಳಿದ ಕಾಲಂಗಳು ಸಲೀಸಾಗಿ ತುಂಬಿದವು. ಒಂಬತ್ತನೆಯದು ಮಾತ್ರ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ಕೂತಿತು: 'ತರಬೇತಿಯ ಅಗತ್ಯವೇನು?'

ಬಂದರು ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ರಫ್ತು ಕರಾರುಗಳ ಕರಡು ಬರೆಯುತ್ತಿದ್ದ ಗುಮಾಸ್ತರಿಗೆ ಇದೇ ಕೊನೆಯ ಅವಕಾಶ. ಅಕ್ಕಪಕ್ಕದ ಆರು ದೇಶಗಳು ಸೇರಿ ನಡೆಸುವ ವ್ಯಾಪಾರ ಕಾನೂನಿನ ತರಬೇತಿಗೆ ಕಚೇರಿಗೊಂದೇ ಸೀಟು. ಆ ಸರ್ಟಿಫಿಕೇಟಿಲ್ಲದೆ ಬಡ್ತಿಯಿಲ್ಲ. ಬರುವ ತಿಂಗಳು ಐವತ್ತು ತುಂಬಿದರೆ ಅರ್ಜಿ ಹಾಕುವಂತೆಯೂ ಇಲ್ಲ. ಅವರು 'ಹೆಚ್ಚಿನ ಜ್ಞಾನಕ್ಕಾಗಿ' ಎಂದು ಬರೆದರು.

ಪಕ್ಕದ ಮೇಜಿನ ಸಹಾಯಕಿ ಇಣುಕಿದಳು. "ಇದೇನ್ ಸರ್ ಇಷ್ಟು ಸಪ್ಪೆ? ಗೊತ್ತಿರೋರನ್ನ ಯಾಕೆ ಕರೀತಾರೆ? ಏನೂ ಗೊತ್ತಿಲ್ಲ ಅಂತ ಬರೀರಿ."

ಮಾತು ಸರಿಯೆನಿಸಿತು. 'ಅಂತರರಾಷ್ಟ್ರೀಯ ಕಾನೂನಿನ ಗಂಧಗಾಳಿಯೂ ಇಲ್ಲ' ಎಂದು ತಿದ್ದಿದರು.

ಊಟದ ಹೊತ್ತಿಗೆ ಸುದ್ದಿ ಮಹಡಿಯೆಲ್ಲ ಹರಡಿತು. ರವಾನೆ ವಿಭಾಗದವನು ಕೈ ಒರೆಸಿಕೊಳ್ಳುತ್ತ ಬಂದ. "ಬರೀ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ? ಒಂದೆರಡು ತಪ್ಪು ತೋರಿಸಿ."

"ನಾನು ತಪ್ಪೇ ಮಾಡಿಲ್ವಲ್ಲಪ್ಪ."

"ಅದೇ ನಿಮ್ಮ ಗ್ರಹಚಾರ. ಮಾಡಿದೀನಿ ಅಂತ ಬರೀರಿ."

ಹತ್ತೊಂಬತ್ತು ವರ್ಷ ಒಂದು ಅಲ್ಪವಿರಾಮವನ್ನೂ ತಪ್ಪಾಗಿ ಹಾಕದ ಮನುಷ್ಯ ಮನಸ್ಸು ಗಟ್ಟಿ ಮಾಡಿಕೊಂಡು ತಪ್ಪುಗಳನ್ನು ಹೊಸೆಯತೊಡಗಿದರು. ವ್ಯಾಜ್ಯವಾದರೆ ಯಾವ ದೇಶದ ಕೋರ್ಟಿಗೆ ಹೋಗಬೇಕೆಂದು ಬರೆಯಲು ಮರೆತದ್ದು. ದಾರಿಯಲ್ಲಿ ಸರಕು ಹಾಳಾದರೆ ಹೊಣೆ ಯಾರದೆಂದು ತಿಳಿಯದೆ ಆ ಷರತ್ತನ್ನೇ ನುಂಗಿಬಿಟ್ಟದ್ದು. ದಫ್ತರದ ಮುದುಕ ಬಂದು, ಕಳೆ ಕಟ್ಟಲೆಂದು ಮುಳುಗಿದ ಹಡಗೊಂದನ್ನು ಸೇರಿಸಿಕೊಟ್ಟ. ನಾಲ್ಕು ಗಂಟೆಗೆ ಮೂರು ಹಾಳೆ ತುಂಬಿದವು. ಓದಿಕೊಂಡಾಗ ಗುಮಾಸ್ತರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ 'ಮೇಲಿನದೆಲ್ಲ ಸತ್ಯ' ಎಂಬುದರ ಕೆಳಗೆ ಸಹಿ ಹಾಕಿದರು.

ತಿಂಗಳ ಹಿಂದಷ್ಟೇ ವರ್ಗವಾಗಿ ಬಂದಿದ್ದ ನಿರ್ದೇಶಕರು ಮೂರೂ ಹಾಳೆಗಳನ್ನು ನಿಧಾನವಾಗಿ ಓದಿದರು. ಅವರ ಮುಖ ಕಪ್ಪಿಟ್ಟಿತು.

"ತರಬೇತಿ ಬೇಕೇ ಬೇಕು, ಒಪ್ಪಿದೆ. ಆದ್ರೆ ಆ ಸೀಟು ರಫ್ತು ಕರಾರು ಬರೆಯೋರಿಗೆ ಮಾತ್ರ. ಇದನ್ನ ಓದಿದ ಮೇಲೂ ನಿಮ್ಮನ್ನ ಆ ಕುರ್ಚೀಲಿ ಹೇಗೆ ಕೂರಿಸಲಿ? ನಾಳೆಯಿಂದ ಹಳೇ ಕಡತದ ಕೋಣೆಗೆ ಹೋಗಿ. ನಿಮ್ಮ ಜಾಗಕ್ಕೆ ಆ ಸಹಾಯಕಿ ಬರ್ತಾರೆ. ತರಬೇತಿಗೂ ಅವರೇ ಹೋಗಲಿ."

ಗುಮಾಸ್ತರು ಮೇಜಿನತ್ತ ಬಾಗಿದರು. "ಸರ್, ಅದರಲ್ಲಿರೋದೆಲ್ಲ ಸುಳ್ಳು."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಳು ಬರೆದು ಸತ್ಯ ಅಂತ ಸಹಿ ಹಾಕಿದ್ರೆ ಕೆಲಸದಿಂದ ವಜಾ. ಯೋಚನೆ ಮಾಡಿ ಹೇಳಿ."

ಹೆಂಡತಿ, ಇನ್ನೂ ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಕಣ್ಣ ಮುಂದೆ ಸುಳಿದರು. ಗುಮಾಸ್ತರು ತಲೆ ತಗ್ಗಿಸಿದರು.

"ನಿಜ ಸರ್. ಆ ಹಡಗು ಮುಳುಗಿಸಿದ್ದೂ ನಾನೇ."