ದೊರೆಯ ಖೈಮಾ, ನನ್ನ ಬಾಣಲೆ

ಒಲೆ ಇರುವ ಕಡೆ ಹೊಗೆ ಇದ್ದಂತೆ, ಅಡುಗೆಯವನು ಇರುವ ಕಡೆ ಏನಾದರೊಂದು ಫಜೀತಿ ಇದ್ದೇ ಇರುತ್ತದೆ. ನನ್ನ ಪಾಲಿನ ಫಜೀತಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಾಣಲೆಯಲ್ಲಿ ಬೆಂದವು.

ಯುದ್ಧದ ಕಾಲ. ಹೊಸಕೋಟೆಯ ಮುಸಾಫಿರ ಬಂಗಲೆಯಲ್ಲಿ ನಾನು ನೀರು ಸೇದುವ, ಸೌದೆ ಒಡೆಯುವ ಆಳಾಗಿದ್ದೆ. ಸಮೇತನಹಳ್ಳಿಯ ಒಕ್ಕಲು ಮನೆತನದವನು. ಮುದ್ದೆ, ಉಪ್ಸಾರು ಬಿಟ್ಟರೆ ಬೇರೆ ಅಡುಗೆ ಮಾಡಿದವನಲ್ಲ. ಬಂಗಲೆಯ ಬಟ್ಲರು ಮಿಲಿಟರಿ ಅಡುಗೆಗೆ ಸೇರಿ ಹೊರಟುಹೋದ. ಹೋಗುವಾಗ ಪಾತ್ರೆಗಳನ್ನೂ ಜೊತೆಗೆ ಕರೆದುಕೊಂಡು ಹೋದ. ಉಳಿದದ್ದು ಒಂದು ದೊಡ್ಡ ಕಬ್ಬಿಣದ ಬಾಣಲೆ, ಅದರ ಮುಚ್ಚಳ, ಮತ್ತೆ ನಾನು. ಅದೇ ವಾರ, ಮಿಲಿಟರಿಗೆ ರಸ್ತೆ ಮಾಡಿಸುವ ಇಂಜಿನಿಯರ್ ದೊರೆಯೊಬ್ಬರು ಬಂದು ಬಂಗಲೆಯಲ್ಲಿ ಬಿಡಾರ ಹೂಡಿದರು. ನನಗಿಂತ ಹಿರಿಯನಾದ ಬಂಗಲೆಯ ಕಾವಲುಗಾರ ನನ್ನನ್ನು ಅವರ ಮುಂದೆ ನಿಲ್ಲಿಸಿ, "ಕುಕ್" ಅಂದ. ಅವನಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ನಾನು ಅಡುಗೆಯವನಾದದ್ದು ಹಾಗೆ.

ಅಂಬಾ

ಮೊದಲನೇ ದಿನ ದೊರೆ ನನ್ನನ್ನು ಕರೆದು, ಊಟಕ್ಕೆ ಏನು ಬೇಕು ಅಂತ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು. ನಾನು ತಲೆಯಾಡಿಸಿದೆ. ನನಗೆ ಏನೂ ತಿಳಿದಿಲ್ಲ ಅನ್ನುವುದು ಅವರಿಗೆ ತಿಳಿಯಿತು. ಆರಡಿ ಆಳು ಎದ್ದು ನಿಂತು, ತಲೆಯ ಮೇಲೆ ಎರಡು ಬೆರಳು ಇಟ್ಟುಕೊಂಡು, "ಅಂಬಾ" ಅಂತ ಕೂಗಿದರು.

ನಾನು ಓಡಿಹೋಗಿ ಒಂದು ಚೊಂಬು ಹಾಲು ತಂದೆ.

ದೊರೆ ತಲೆ ಅಲ್ಲಾಡಿಸಿದರು. ಮತ್ತೆ "ಅಂಬಾ" ಅಂದು, ಒಂದು ಅಂಗೈ ಮೇಲೆ ಇನ್ನೊಂದು ಕೈಯಿಂದ ಪಟಪಟ ಹೊಡೆದು ತೋರಿಸಿದರು. ಕಾವಲುಗಾರನಿಗೆ ಥಟ್ಟನೆ ಹೊಳೆಯಿತು. "ಹಸು ಕಾಂಪೌಂಡಿಗೆ ನುಗ್ಗಿದೆ, ಹೊಡೆದು ಓಡ್ಸು ಅಂತಾವ್ರೆ ಕಣ್ಲಾ!" ಅಂದವನೇ ದೊಣ್ಣೆ ತಗೊಂಡು ಓಡಿದ. ಕಾಂಪೌಂಡಿನಲ್ಲಿ ಹಸು ಇರಲಿಲ್ಲ. ಪಕ್ಕದ ಮನೆಯವರ ಹಿತ್ತಲಲ್ಲಿ ಒಂದು ಹಸು ಕಟ್ಟಿಹಾಕಿಸಿಕೊಂಡು ಮೆಲುಕು ಹಾಕುತ್ತಿತ್ತು. ಇವನು ಅದನ್ನೇ ಬಿಚ್ಚಿ ಕೆರೆ ಏರಿಯವರೆಗೂ ಅಟ್ಟಿಬಂದ. ಹಸುವಿನ ಒಡತಿ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದಳು.

ಜಗಳದ ಸದ್ದಿಗೆ, ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಕಸಾಯಿ ಅಂಗಡಿಯ ಸಾಬರು ಗೇಟಿನ ಹತ್ತಿರ ನಿಂತರು. ದೊರೆ ಅವರಿಗೂ ಒಂದು ಸಲ ಅಂಬಾ ಅಂದು, ಅಂಗೈ ಮೇಲೆ ಹೊಡೆದು ತೋರಿಸಿದರು. ಸಾಬರು ನಮ್ಮ ಕಡೆ ತಿರುಗಿ, "ಇದಕ್ಕೆ ಇಷ್ಟೊಂದು ಗಲಾಟೇನಾ? ಖೈಮಾ ಕೇಳ್ತಾವ್ರೆ ಕಣ್ರಪ್ಪಾ. ದನದ್ದು, ಕೊಚ್ಚಿದ್ದು" ಅಂದರು.

ಅವತ್ತು ದೊರೆಯೇ ಒಲೆ ಮುಂದೆ ಕೂತು ತೋರಿಸಿಕೊಟ್ಟರು. ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಗಬೇಕು. ಖೈಮಾ ಹಾಕಿ ಕೆದಕಬೇಕು. ಹೆಚ್ಚಿದ ಆಲೂಗಡ್ಡೆ, ಉಪ್ಪು, ಮೆಣಸಿನ ಪುಡಿ, ಒಂದು ಸೌಟು ನೀರು, ಮೇಲೆ ಮುಚ್ಚಳ. ಅಷ್ಟೇ. ಗಂಟಿಲ್ಲದ ಹಾಗೆ ಮುದ್ದೆ ತಿರುವುವುದು ಇದಕ್ಕಿಂತ ಕಷ್ಟ. ನಮ್ಮ ಜಾತಿಯಲ್ಲಿ ಅದನ್ನು ತಿನ್ನುವ ಹಾಗಿಲ್ಲ. ಬೇಯಿಸುವ ಹಾಗಿಲ್ಲ ಅಂತ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಲು ಹೋಗಲಿಲ್ಲ.

ಸಾಕು

ಮಾರನೇ ದಿನ ನಾನೊಬ್ಬನೇ ಮಾಡಿ ಬಡಿಸಿದೆ. ದೊರೆ ತಟ್ಟೆ ಖಾಲಿ ಮಾಡಿದರು. ಬಾಯಿ ಒರೆಸಿಕೊಂಡು, ನನ್ನನ್ನೇ ನೋಡುತ್ತಾ, ಕನ್ನಡದಲ್ಲಿ ಹೇಳಿದರು: "ಸಾಕು! ಸಾಕು!"

ಸರಿ, ಕೆಲಸ ಹೋಯಿತು ಅಂದುಕೊಂಡೆ. ಬಾಣಲೆ ತೊಳೆದು ಬೋರಲು ಹಾಕಿ, ಕಂಬಳಿ ಸುತ್ತಿಕೊಂಡು ಊರಿಗೆ ನಡೆದುಬಿಟ್ಟೆ.

ಬೆಳಿಗ್ಗೆ ಊರಲ್ಲಿ ಧೂಳೆದ್ದಿತು. ದೊರೆಯ ಜೀಪು. ಊರಿಗೆ ಊರೇ ನಮ್ಮ ಮನೆ ಮುಂದೆ ಸೇರಿತು. ಕೆಲವರು ಯುದ್ಧಕ್ಕೆ ಹಿಡಿದುಕೊಂಡು ಹೋಗಲು ಬಂದಿದ್ದಾರೆ ಅಂತ ಮಕ್ಕಳನ್ನು ಕಣಜದ ಹಿಂದೆ ಬಚ್ಚಿಟ್ಟರು. ದೊರೆ ಜೀಪಿನಿಂದ ಇಳಿದು, ನನ್ನನ್ನು ಕಂಡು ಎರಡೂ ಕೈ ಚಾಚಿ, "ಸಾಕು! ಸಾಕು!" ಅಂತ ಕೂಗಿದರು.

ಊರಿನ ಮೇಷ್ಟ್ರು ಮುಂದೆ ಬಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ದೊರೆ ಹಿಂದೆ ಯಾವುದೋ ಕಂಟ್ರಾಕ್ಟರನ ಮನೆ ಮದುವೆ ಊಟಕ್ಕೆ ಹೋಗಿದ್ದರಂತೆ. ಬಡಿಸಲು ಬಂದಾಗಲೆಲ್ಲ ಜನ ಹೊಟ್ಟೆ ಸವರಿಕೊಂಡು, ನಗುನಗುತ್ತಾ "ಸಾಕು, ಸಾಕು" ಅನ್ನುತ್ತಿದ್ದರಂತೆ. ಊಟ ಬಹಳ ಸೊಗಸಾಗಿದ್ದರೆ ಕನ್ನಡದಲ್ಲಿ ಹಾಗನ್ನಬೇಕು ಅಂತ ದೊರೆ ಕಲಿತುಕೊಂಡಿದ್ದಾರೆ. ಮೇಷ್ಟ್ರು ಇದನ್ನು ಬಿಡಿಸಿ ಹೇಳಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು.

ನನ್ನ ಹೆಂಡತಿಗೆ ಮಾತ್ರ ಆಗಲಿಲ್ಲ. ಒಳಗೆ ರಾಗಿ ಬೀಸುತ್ತಿದ್ದವಳಿಗೆ ಮೇಷ್ಟ್ರ ಮಾತು ಕೇಳಿಸಿರಲಿಲ್ಲ. ದೊರೆಯ ಕೂಗಷ್ಟೇ ಕೇಳಿಸಿತ್ತು. ಹೊಸಲಿಗೆ ಬಂದು ನಿಂತು ಹೇಳಿದಳು: "ಸಾಕು ಅಂದ್ಮೇಲೆ ಸಾಕು. ಅದನ್ನ ಇನ್ನೊಂದ್ಸಲ ಹೇಳೋಕೆ ಅಷ್ಟು ದೂರದಿಂದ ಗಾಡಿ ಹಾಕ್ಕೊಂಡ್ ಬರ್ಬೇಕಾಗಿತ್ತಾ?"

ಉಪ್ಪು ನೋಡುವವರು

ತಿನ್ನದ ಅಡುಗೆಗೆ ಉಪ್ಪು ನೋಡುವುದು ಹೇಗೆ? ನಾನು ರುಚಿ ನೋಡುವ ಹಾಗಿಲ್ಲ. ಕಾವಲುಗಾರನೂ ನೋಡುವುದಿಲ್ಲ. ಕೊನೆಗೆ ಸಾಬರನ್ನೇ ಕೇಳಿಕೊಂಡೆ. ಅವರು ದಿನಾ ಸಾಯಂಕಾಲ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಅಡುಗೆಮನೆ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, "ಹ್ಞೂಂ" ಅಂದರೆ ಸರಿ ಇದೆ, "ಹ್ಞೂಂಹ್ಞೂಂ" ಅಂದರೆ ಒಂದು ಚಿಟಿಕೆ ಬೇಕು. ಈ ಏರ್ಪಾಡು ದೊರೆಗೂ ಗೊತ್ತಿತ್ತು.

ರಂಜಾನ್ ತಿಂಗಳು ಬಂತು. ಸಾಬರು ಹಗಲು ಉಗುಳೂ ನುಂಗುವವರಲ್ಲ. ದೊರೆಯೋ, ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುವವರು. ನಾನು ಅಂದಾಜಿನ ಮೇಲೆ ಉಪ್ಪು ಹಾಕತೊಡಗಿದೆ. ಒಂದು ದಿನ ದೊರೆ ಹೂಜಿ ನೀರೆಲ್ಲ ಕುಡಿದರು. ಆ ಹೆದರಿಕೆಗೆ ಮಾರನೇ ದಿನ ಕೈ ಬಿಗಿ ಹಿಡಿದೆ. ದೊರೆ ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತರು. ತಿಂಗಳೆಲ್ಲ ಹೀಗೇ, ಒಂದು ದಿನ ಸಮುದ್ರ, ಒಂದು ದಿನ ಹೊಂಡ.

ಆ ವರ್ಷ ಹಬ್ಬದ ಹಿಂದಿನ ಸಂಜೆ ಮೋಡ ಮುಸುಕಿತ್ತು. ಪೇಟೆಯ ಜನ ಚಂದ್ರನನ್ನು ನೋಡಲು ಮಸೀದಿಯ ಹತ್ತಿರ ಬಂದು ಸೇರುವಷ್ಟರಲ್ಲಿ, ಬಂಗಲೆಯ ಮಹಡಿಯ ಮೇಲೆ ಒಬ್ಬರು ಆಗಲೇ ದುರ್ಬೀನು ಹಿಡಿದು ನಿಂತಿದ್ದರು. ನಮ್ಮ ದೊರೆ.

ಏಕಾದಶಿ

ಒಂದು ಸಲ ರೆವಿನ್ಯೂ ಸಾಹೇಬರು ಬಂಗಲೆಯಲ್ಲಿ ಮೊಕ್ಕಾಂ ಮಾಡಿದರು. ಭಾರಿ ಮಡಿವಂತರು. ಅವರ ಜೊತೆಗೇ ಅಡುಗೆ ಭಟ್ಟರೂ ಪಾತ್ರೆಗಳೂ ಬರುತ್ತಿದ್ದವು. ಆ ಸಲ ಭಟ್ಟರು ಬಂದರು, ಪಾತ್ರೆಗಳ ಮೂಟೆ ಹಿಂದಿನ ಊರಲ್ಲೇ ಉಳಿಯಿತು.

ಭಟ್ಟರು ನನ್ನ ಹತ್ತಿರ ಬಂದು, "ಏನಪ್ಪಾ, ಆ ಬಾಣಲೆ ಕೊಡು. ಹುಣಿಸೆಹಣ್ಣು ಹಚ್ಚಿ ತೊಳ್ಕೊಳ್ತೀನಿ. ಸಾಹೇಬರಿಗೆ ಒಂದಿಷ್ಟು ಉಪ್ಪಿಟ್ಟು ಕೆದಕಿದರಾಯ್ತು" ಅಂದರು.

"ಆಗಲ್ಲ ಸ್ವಾಮಿ."

"ಯಾಕೆ?"

ಹೇಗೆ ಹೇಳುವುದು? "ಅದು ತಮಗೆ ಆಗಿಬರಲ್ಲ ಸ್ವಾಮಿ" ಅಂದೆ.

ಭಟ್ಟರಿಗೆ ಕೋಪ ಬಂತು. "ಬಿಳಿಯವರ ಅನ್ನ ತಿಂದು ನಿನಗೆ ಕೊಬ್ಬು" ಅನ್ನುತ್ತಾ ನನ್ನನ್ನು ಸಾಹೇಬರ ಮುಂದೆ ಕರೆದುಕೊಂಡು ಹೋಗಿ ದೂರು ಹೇಳಿದರು. ಸಾಹೇಬರು ಹಸಿದಿದ್ದರು. ಬೆಳಗಿನಿಂದ ಕುದುರೆಯ ಮೇಲಿದ್ದರು. "ಒಂದು ಬಾಣಲೆ ಕೊಡೋಕೆ ನಿನಗೇನಯ್ಯಾ ಕಷ್ಟ? ಕೆಲಸ ಬೇಕೋ ಬೇಡವೋ?" ಅಂತ ಗದರಿದರು.

ನಾನು ಹತ್ತಿರ ಹೋಗಿ, ಬಗ್ಗಿ, ಭಟ್ಟರಿಗೆ ಕೇಳಿಸದ ಹಾಗೆ, ಆ ಬಾಣಲೆಯಲ್ಲಿ ದಿನಾ ಏನು ಬೇಯುತ್ತದೆ ಅಂತ ಸಾಹೇಬರ ಕಿವಿಯಲ್ಲಿ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಮೆಲ್ಲಗೆ, "ಭಟ್ಟರೇ, ಇವತ್ತು ಏಕಾದಶಿ ಅಲ್ಲವೇ?" ಅಂದರು.

"ಇಲ್ಲ ಸ್ವಾಮಿ, ನವಮಿ."

"ನಾನು ಹೇಳಿದ ಮೇಲೆ ಏಕಾದಶಿ" ಅಂದರು ಸಾಹೇಬರು.

ವಿಚಾರಣೆ

ಅವರೆಕಾಯಿ ಕಾಲದಲ್ಲಿ ಮಧುರೆ ಹಳ್ಳಿಯಿಂದ ನಮ್ಮತ್ತೆ ತಮ್ಮ ಮಗಳನ್ನು ನೋಡಲು ಬಂದರು. ಬಂದವರು ನನ್ನನ್ನು ಕೇಳಿದರು: "ದೊರೆಗೆ ಏನೇನೋ ಮಾಡಿಕ್ತೀರಂತೆ ಅಳಿಯಂದ್ರೇ. ಅತ್ತೆಗೆ ಮಾಡೋಕಾಗಲ್ವಾ?"

ಮನೆಯ ಬಾಣಲೆಯಲ್ಲಿ ಮಾಡಿದೆ. ಖೈಮಾದ ಬದಲು ಹಿತಕಿದ ಅವರೆಬೇಳೆಯನ್ನು ತರಿತರಿಯಾಗಿ ಜಜ್ಜಿ ಹಾಕಿದೆ. ಈರುಳ್ಳಿ, ಆಲೂಗಡ್ಡೆ, ಮೆಣಸು ಅದೇ. ನೋಡಲು ಒಂಚೂರೂ ವ್ಯತ್ಯಾಸವಿಲ್ಲ. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಊರಿಗೆ ಹೋಗಿ ಬಾವಿಕಟ್ಟೆಯಲ್ಲಿ ಹೇಳಿದರಂತೆ: "ದೊರೆ ತಿನ್ನೋದನ್ನೇ ನಮ್ಮ ಅಳಿಯ ನನಗೂ ಮಾಡಿಕ್ಕಿದ ಕಣ್ರಮ್ಮ!"

ದೊರೆ ಏನು ತಿನ್ನುತ್ತಾರೆ ಅನ್ನುವುದು ಅತ್ತೆಗೆ ಗೊತ್ತಿರಲಿಲ್ಲ. ಬಾವಿಕಟ್ಟೆಗೆ ಗೊತ್ತಿತ್ತು. ವಾರದೊಳಗೆ ಕುಲದ ಯಜಮಾನರಿಂದ ಕರೆ ಬಂತು. ಮಾತು ನಿಜವಾದರೆ ಅತ್ತೆಯ ಮನೆಗೂ ನಮ್ಮ ಮನೆಗೂ ಬೆಂಕಿ, ನೀರು ಬಂದ್. ಅತ್ತೆ ಅತ್ತು ಅತ್ತು ಸೊರಗಿದ್ದರು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಅವರೆಕಾಯಿ, ಆಲೂಗಡ್ಡೆ, ಮನೆಯ ಬಾಣಲೆ ಹೊತ್ತುಕೊಂಡು ಮಧುರೆಗೆ ಹೋಗಿ, ಪಂಚಾಯಿತಿ ಕಟ್ಟೆಯ ಮುಂದೆಯೇ ಮೂರು ಕಲ್ಲು ಹೂಡಿ, ಎಲ್ಲರ ಕಣ್ಣೆದುರಿಗೆ ಕಾಳು ಹಿತಕಿ ಮಾಡಿ ತೋರಿಸಿದೆ.

ಯಜಮಾನರು ಮುತ್ತುಗದ ಎಲೆಯಲ್ಲಿ ಹಾಕಿಸಿಕೊಂಡು ತಿಂದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಕೊನೆಗೆ ಯಜಮಾನರು ಬೆರಳು ನೆಕ್ಕಿಕೊಂಡು ತೀರ್ಪು ಹೇಳಿದರು: "ತಪ್ಪೇನೂ ಕಾಣಿಸ್ತಾ ಇಲ್ಲ. ಆದ್ರೂ ಕುಲದ ವಿಚಾರ, ಖಾತ್ರಿ ಆಗ್ಬೇಕು. ಅವರೆಕಾಯಿ ಮುಗಿಯೋವರೆಗೂ ವಾರಕ್ಕೊಂದ್ಸಲ ವಿಚಾರಣೆ ನಡೀಲಿ."

ದೊರೆಯ ಕಣ್ಣೀರು

ಊಟಿಯಲ್ಲಿದ್ದ ದೊರೆಸಾನಿ ಗಂಡನನ್ನು ನೋಡಲು ಬಂದರು. ಆ ಹೊತ್ತಿಗೆ ನನಗೂ ನಾಲ್ಕು ಮಾತು ಇಂಗ್ಲಿಷು ಹತ್ತಿತ್ತು. ಮಾಮೂಲು ಖೈಮಾ ಆಲೂಗಡ್ಡೆ ಬಡಿಸಿದೆ. ದೊರೆಸಾನಿ ಎರಡು ತುತ್ತು ತಿಂದು, "ಬಹಳ ಚೆನ್ನಾಗಿದೆ. ಯಾರು ಕಲಿಸಿದ್ದು?" ಅಂತ ಕೇಳಿದರು.

ದೊರೆ ಮೇಜಿನ ಕೆಳಗಿಂದ ನನ್ನ ಕಾಲು ತುಳಿಯಲು ನೋಡಿದರು. ಅದು ನನಗೆ ಅರ್ಥವಾಗುವಷ್ಟರಲ್ಲಿ, "ದೊರೆಗಳೇ ಅಮ್ಮಾವ್ರೇ" ಅಂದುಬಿಟ್ಟಿದ್ದೆ.

ದೊರೆಸಾನಿ ಮುಳ್ಳುಚಮಚ ಕೆಳಗಿಟ್ಟರು. "ಮದುವೆಯಾದಾಗಿನಿಂದ ನೀರು ಕಾಯಿಸೋಕೂ ಬರಲ್ಲ ಅಂತಿದ್ರಲ್ಲ?"

ಮಾರನೇ ದಿನದ ಅಡುಗೆ ದೊರೆಯ ಪಾಲಿಗೆ ಬಂತು. ದೊರೆಸಾನಿ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು, ಅಡುಗೆಮನೆ ಬಾಗಿಲ ಕಡೆ ಮುಖ ಮಾಡಿ ಕೂತರು. ಕಾವಲುಗಾರ ಸಂತೆಯಿಂದ ಈರುಳ್ಳಿ ತಂದುಕೊಟ್ಟ. ಸಣ್ಣವು, ಭಾರಿ ಘಾಟು. ದೊರೆ ಹೆಚ್ಚತೊಡಗಿದರು, ನಾನು ಸಿಪ್ಪೆ ಸುಲಿಯುತ್ತಾ ಕೂತೆ. ನಾಲ್ಕು ಗಡ್ಡೆ ಮುಗಿಯುವಷ್ಟರಲ್ಲಿ ದೊರೆಯ ಮೂಗು ಕೆಂಪಾಯಿತು. ಕಣ್ಣಿಂದ ಧಾರಾಕಾರ ನೀರು. ನನ್ನದೂ ಅದೇ ಗತಿ.

ಆ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ, ಬೆಂಗಳೂರಿನಿಂದ ದೊಡ್ಡ ದೊರೆಯ ಜೀಪು ಬಂತು. ರಸ್ತೆ ಕೆಲಸ ತಡವಾಗಿತ್ತು. ನಮ್ಮ ದೊರೆಯನ್ನು ಬೈದು ಬೇರೆ ಕಡೆಗೆ ಎತ್ತಿಹಾಕಲೆಂದೇ ಬಂದಿದ್ದರು ಅಂತ ಆಮೇಲೆ ತಿಳಿಯಿತು. ಬೂಟು ಸದ್ದು ಮಾಡುತ್ತಾ ಒಳಗೆ ಬಂದವರು ನಮ್ಮ ದೊರೆಯ ಮುಖ ಕಂಡು ಗಕ್ಕನೆ ನಿಂತರು. ನಮ್ಮ ದೊರೆ ಚಾಕುವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ದೊಡ್ಡ ದೊರೆ ಟೋಪಿ ತೆಗೆದು, "ಯಾವಾಗ ಸುದ್ದಿ ಬಂತು?" ಅಂದರು.

ನಮ್ಮ ದೊರೆ ಬಾಯಿ ತೆರೆದರು. ದೊಡ್ಡ ದೊರೆ ಅವರ ಭುಜ ಹಿಡಿದು, "ಬೇಡ, ಮಾತಾಡಬೇಡಿ. ನನಗೆ ಅರ್ಥವಾಗುತ್ತೆ" ಅಂದರು. ಜಗಲಿಯ ಕಡೆ ತಿರುಗಿದರೆ, ದೊರೆಸಾನಿ ನಗು ತಡೆಯಲಾರದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕಾಡುತ್ತಿತ್ತು. "ಪಾಪ, ಅವರಿಗೂ ತಡೆಯೋಕಾಗ್ತಿಲ್ಲ" ಅಂದರು ದೊಡ್ಡ ದೊರೆ. ಆಮೇಲೆ ನನ್ನನ್ನು ಕಂಡರು. ನಾನು ನೆಲದ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತಾ ಗಳಗಳ ಅಳುತ್ತಿದ್ದೆ. ಅದನ್ನು ನೋಡಿ ದೊಡ್ಡ ದೊರೆಯ ಕಣ್ಣೂ ಒದ್ದೆಯಾಯಿತು. ಅದು ದುಃಖಕ್ಕೋ, ಈರುಳ್ಳಿಗೋ, ಹೇಳುವುದು ಕಷ್ಟ.

"ರಸ್ತೆ ಕಾಯುತ್ತೆ. ಒಂದು ವಾರ ರಜಾ ತಗೊಳ್ಳಿ" ಅಂದು, ಟೋಪಿ ಎದೆಗೊತ್ತಿಕೊಂಡು, ತುದಿಗಾಲಲ್ಲಿ ಹೊರಟುಹೋದರು. ದೊರೆ, ದೊರೆಸಾನಿ ಇಬ್ಬರೂ ಅವತ್ತು ಮಧ್ಯಾಹ್ನವೇ ಊಟಿಗೆ ಹೋದರು.

ಗೇಟಿನಲ್ಲಿ ನಿಂತು ಇದನ್ನೆಲ್ಲ ನೋಡಿದ್ದ ಕಾವಲುಗಾರ, "ಏನಾಯ್ತು ಗುರು?" ಅಂತ ಕೇಳಿದ. ಏನೂ ಇಲ್ಲ, ದೊರೆ ಈರುಳ್ಳಿ ಹೆಚ್ಚಿದರು, ಒಂದು ವಾರ ರಜಾ ಸಿಕ್ಕಿತು ಅಂದೆ. ಅವನು ಬಹಳ ಹೊತ್ತು ಯೋಚನೆ ಮಾಡಿದ.

ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಒಂದು ಕೈಯಲ್ಲಿ ಈರುಳ್ಳಿ, ಒಂದು ಕೈಯಲ್ಲಿ ಕುಡುಗೋಲು ಹಿಡಿದು ನಿಂತಿದ್ದ.

"ಗುರು, ಯಾವ ಕಡೆಯಿಂದ ಹೆಚ್ಚಿದ್ರೆ ರಜಾ ಕೊಡ್ತಾರೆ ತೋರಿಸ್ಕೊಡು. ಮಗಳ ಮದುವೆ ಐತೆ."