ಇಲ್ಲದ ದಿಬ್ಬಕ್ಕೆ ಬೋಟು ಹತ್ತಿಸಿದ ಕುರಿತು

ಇಂದ:
ನಡುಗಡ್ಡೆಗೆ ಪ್ರಯಾಣಿಕರ ಬೋಟು ನಡೆಸುವವನು
(ಸದ್ಯ ದಡದಲ್ಲಿ)

ಗೆ:
ಮಾನ್ಯ ಅಧಿಕಾರಿಗಳು
ಜಲಮಾರ್ಗ ಸುರಕ್ಷತಾ ಕಚೇರಿ
ಎರಡನೇ ಮಹಡಿ, ಸಮುದ್ರದ ಕಡೆ ಕಿಟಕಿಯಿರುವ ಕೋಣೆ
(ಕಿಟಕಿಗೆ ಅಡ್ಡ ಕಡತದ ಬೀರು ಇದೆ)

ವಿಷಯ: ತಮ್ಮ ದಾಖಲೆಯ ಪ್ರಕಾರ ಇಲ್ಲದ ಮರಳು ದಿಬ್ಬಕ್ಕೆ ನನ್ನ ಬೋಟು ಹತ್ತಿದ ಕಾರಣ ಅಮಾನತಾದ ಪರವಾನಗಿಯನ್ನು ಹಿಂದಿರುಗಿಸುವ ಹಾಗೂ ವಿಚಾರಣೆಯ ಸ್ಥಳ ಬದಲಿಸುವ ಬಗ್ಗೆ.

ಉಲ್ಲೇಖ:
1. ಗುರುತು ಪೀಪಾಯಿಗಳ ಸಾಲು ಬಿಟ್ಟು ಹೊರಗೆ ಬೋಟು ನಡೆಸಿದ್ದಕ್ಕೆ ತಾವು ಕೊಟ್ಟ ಎಚ್ಚರಿಕೆ ಪತ್ರ.
2. ಅದೇ ತಪ್ಪಿಗೆ ಎರಡನೇ ಎಚ್ಚರಿಕೆ ಪತ್ರ.
3. ಪೀಪಾಯಿಗಳ ಸಾಲಿನ ಒಳಗೆ ಬೋಟು ನಡೆಸಿ ನೆಲಕ್ಕೆ ಹತ್ತಿಸಿದ್ದಕ್ಕೆ ಅಮಾನತು ಆದೇಶ.
4. ಹದಿನೆಂಟನೇ ತಾರೀಖು ಬೆಳಗ್ಗೆ ಹನ್ನೊಂದೂವರೆಗೆ ವಿಚಾರಣೆಗೆ ಹಾಜರಾಗಲು ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ:

1. ಹಿನ್ನೀರು ಸಮುದ್ರ ಸೇರುವ ಈ ಇಕ್ಕಟ್ಟಾದ ಅಳಿವೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಆರು ಸಲ ಹೋಗಿ ಬರುತ್ತಿದ್ದೇನೆ. ನಡುಗಡ್ಡೆಗೆ ಇರುವುದು ಇದೊಂದೇ ಬೋಟು. ಎರಡು ವರ್ಷದ ಕೆಳಗೆ ಅಳಿವೆಯ ಮರಳು ಜಾಗ ಬದಲಿಸಿತು. ಮರಳಿಗೆ ವರ್ಗಾವಣೆ ಆದೇಶ ಬೇಕಾಗುವುದಿಲ್ಲ. ಬೋಟಿನ ದಾರಿ ಗುರುತಿಸಲು ತೇಲಿಬಿಟ್ಟ ಕೆಂಪು ಮತ್ತು ಹಸಿರು ಪೀಪಾಯಿಗಳ ನಡುವೆ ಇದ್ದ ಆಳದ ನೀರು ನಲವತ್ತು ಮೀಟರ್ ದಕ್ಷಿಣಕ್ಕೆ ಸರಿಯಿತು. ಅದು ಬಿಟ್ಟ ಜಾಗದಲ್ಲಿ ದಿಬ್ಬ ಎದ್ದಿತು. ಪೀಪಾಯಿಗಳು ಮಾತ್ರ ಸರ್ಕಾರಿ ಸ್ವತ್ತಾದ ಕಾರಣ ಇದ್ದಲ್ಲೇ ಇವೆ. ದಡದ ಮೇಲಿನ ತಮ್ಮ ಫಲಕವೂ ಇದ್ದಲ್ಲೇ ಇದೆ: "ಆಳ 2.4 ಮೀಟರ್. ಎಲ್ಲ ಹೊತ್ತಿನಲ್ಲೂ ಸಂಚಾರಕ್ಕೆ ಸುರಕ್ಷಿತ."

2. ಈ 2.4 ಮೀಟರ್ ಸುಳ್ಳಲ್ಲ. ಎರಡು ವರ್ಷದಲ್ಲಿ ತಮ್ಮ ಅಳತೆಗಾರರು ಹದಿನಾಲ್ಕು ಸಲ ಅಳೆದಿದ್ದಾರೆ. ಅಳತೆ ಪುಸ್ತಕದ ಹೊತ್ತನ್ನು ತಮ್ಮದೇ ಕಚೇರಿ ಅಚ್ಚುಹಾಕಿದ ಉಬ್ಬರ ಇಳಿತದ ಪಟ್ಟಿಯ ಪಕ್ಕ ಇಟ್ಟು ನೋಡಿದೆ. ಹದಿನಾಲ್ಕೂ ಪೂರ್ತಿ ಉಬ್ಬರದಲ್ಲಿ ಅಳೆದವು. ಈ ಬಗ್ಗೆ ಅಳತೆಗಾರರನ್ನು ಖುದ್ದಾಗಿ ವಿಚಾರಿಸಿದೆ.

"ಸಾರ್, ಒಂದ್ಸಲ ಇಳಿತದಲ್ಲಿ ಬಂದು ಅಳೀರಿ."

"ಇಳಿತದಲ್ಲಿ ನಮ್ಮ ಬೋಟು ಬರಲ್ಲಪ್ಪ, ನೆಲ ಹತ್ತತ್ತೆ."

"ಎಲ್ಲಿ ಹತ್ತತ್ತೆ ಸಾರ್?"

"ಅದೇ, ಆ ದಿಬ್ಬದ ಹತ್ರ."

"ಹಾಗಾದ್ರೆ ಅದನ್ನೇ ಬರ್ಕೊಳ್ಳಿ ಸಾರ್."

"ಅದು ಹೇಗಾಗತ್ತೆ? ಅಳೆಯದೇ ಇರೋದನ್ನ ಬರೆಯೋ ಹಾಗಿಲ್ಲ."

ಅವರು ನಿಯಮ ಮೀರುವವರಲ್ಲ ಎಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ.

3. ಆದ್ದರಿಂದ ನಾನು ಎರಡು ವರ್ಷ ಪೀಪಾಯಿಗಳ ಸಾಲು ಬಿಟ್ಟು, ದಕ್ಷಿಣದ ಆಳದ ನೀರಿನಲ್ಲಿ ಬೋಟು ನಡೆಸಿದೆ. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದ ಕಾರಣ ಉಲ್ಲೇಖ 1 ಮತ್ತು 2 ಬಂದವು. ಮೂರನೆಯದು ಬಂದರೆ ಪರವಾನಗಿ ರದ್ದು ಎಂದು ಎರಡನೆಯದರಲ್ಲೇ ಇತ್ತು.

4. ಈ ತಿಂಗಳ ಮೂರನೇ ತಾರೀಖು, ಮಧ್ಯಾಹ್ನ ಹನ್ನೆರಡು ಗಂಟೆ, ಪೂರ್ತಿ ಇಳಿತ. ಬೋಟಿನಲ್ಲಿ ಹನ್ನೊಂದು ಜನ ಪ್ರಯಾಣಿಕರು. ನನ್ನ ಅಕ್ಕನ ಗಂಡ ಮುಂದುಗಡೆ ಗಳ ಹಿಡಿದು ನಿಂತಿದ್ದರು.

"ಲೋ, ದಕ್ಷಿಣಕ್ಕೆ ತಿರುಗ್ಸೋ! ಎದುರಿಗಿರೋದು ಕಾಣಲ್ವಾ?"

"ಕಾಣತ್ತೆ ಭಾವ. ಇನ್ನೊಂದು ಪತ್ರ ಬಂದ್ರೆ ಪರವಾನಗಿ ಹೋಗತ್ತೆ. ಸಾಲೊಳಗೇ ದಿಬ್ಬದ ಅಂಚಲ್ಲಿ ನಿಧಾನಕ್ಕೆ ದಾಟ್ಸಿಬಿಡ್ತೀನಿ."

"ನನಗ್ಯಾಕೆ ಹೇಳ್ತೀಯ, ದಿಬ್ಬಕ್ಕೆ ಹೇಳು!"

ಅಷ್ಟರಲ್ಲಿ ಬೋಟು ನಿಂತಿತು. ಭಾವ ನಿಲ್ಲಲಿಲ್ಲ. ಬೋಟಿನ ಅಂಚಿಗೆ ಬಡಿದು ಅವರ ಭುಜದ ಮೂಳೆ ಮುರಿಯಿತು. ಹನ್ನೊಂದು ಜನರೂ ಚಪ್ಪಲಿ ಕೈಯಲ್ಲಿ ಹಿಡಿದು, 2.4 ಮೀಟರ್ ಆಳದ ನೀರಿನಲ್ಲಿ ನಡೆದು ದಡ ಸೇರಿದರು.

ಇದರಲ್ಲಿ ನನ್ನ ತಪ್ಪು ಇದೆ. ಕಣ್ಣೆದುರಿನ ಮರಳಿಗಿಂತ ತಮ್ಮ ಪತ್ರಕ್ಕೆ ಹೆಚ್ಚು ಹೆದರಿದೆ.

5. ಮರುದಿನ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ ಕೇಳಿದರು: "ದಾಖಲೇಲಿ ಇಲ್ಲದ ದಿಬ್ಬಕ್ಕೆ ಹೇಗ್ರೀ ಹತ್ತಿಸಿದ್ರಿ? ಕುಡಿದಿದ್ರಾ?"

"ನಾನು ಕುಡಿಯಲ್ಲ ಸಾರ್."

"ನಿದ್ದೆ ಮಾಡ್ತಿದ್ರಾ?"

"ಇಲ್ಲ ಸಾರ್."

"ಎರಡರಲ್ಲಿ ಒಂದು ಒಪ್ಕೊಳ್ರೀ. ಕಾರಣಕ್ಕೆ ಅಂತ ಫಾರಂನಲ್ಲಿ ಎರಡೇ ಖಾನೆ ಇರೋದು."

ನಾನು ಒಪ್ಪದ ಕಾರಣ "ಚಾಲಕನ ನಿರ್ಲಕ್ಷ್ಯ" ಎಂದು ಅಂಚಿನಲ್ಲಿ ಬರೆದು ಮೊಹರು ಹಾಕಿದರು. ಮನೆಗೆ ಹೋಗಿ ಆದೇಶ ಓದಿ ಹೇಳಿದಾಗ, ಗಂಡನ ಕೈಗೆ ಜೋಲಿ ಕಟ್ಟುತ್ತಿದ್ದ ಅಕ್ಕ ತಲೆ ಎತ್ತದೆ ಅಂದಳು: "ನಿನ್ನ ಭಾವನ ಮೂಳೆಗೆ ಓದಕ್ಕೆ ಬರಲ್ಲ ಕಣೋ. ದಿಬ್ಬ ಇಲ್ಲ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ."

6. ದಿಬ್ಬ ಇಲ್ಲವಾದ ಕಾರಣ ಬೋಟು ಅದಕ್ಕೆ ಹತ್ತಿಲ್ಲ. ಹತ್ತಿಲ್ಲವಾದ ಕಾರಣ ಅಪಘಾತ ನಡೆದಿಲ್ಲ. ನಡೆದಿಲ್ಲವಾದ ಕಾರಣ ಅಮಾನತಿಗೆ ಆಧಾರವಿಲ್ಲ. ದಿಬ್ಬ ಇದೆ ಎಂದಾದರೆ, ಅದರ ಮೇಲೆಯೇ ಬೋಟು ನಡೆಸು ಎಂದು ಎರಡು ಸಲ ಲಿಖಿತವಾಗಿ ಹೇಳಿದವರು ತಾವಾದ ಕಾರಣ, ವಿಚಾರಣೆಯಲ್ಲಿ ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಬೇಕು.

7. ಕಳೆದ ವಾರ ಹಾಯಿದೋಣಿಯಲ್ಲಿ ಬಂದ ಪರವೂರಿನ ಗಂಡ ಹೆಂಡತಿ ತಮ್ಮ ಫಲಕ ಓದಿ, ನಂಬಿ, ಅರ್ಧ ಉಬ್ಬರದಲ್ಲಿ ಅದೇ ಜಾಗದಲ್ಲಿ ಮಗುಚಿಕೊಂಡರು. ಈಜು ಬರುತ್ತಿದ್ದ ಕಾರಣ ಬದುಕಿದರು. ಅವರ ಮೇಲೂ ನಿರ್ಲಕ್ಷ್ಯದ ನೋಟಿಸು ಹೋಗಿದೆ ಎಂದು ಕೇಳಿದ್ದೇನೆ. ಮುಂದೆ ಈಜು ಬಾರದವರೂ ಬರಬಹುದು. ಆಗ ನೋಟಿಸನ್ನು ಯಾರ ವಿಳಾಸಕ್ಕೆ ಕಳಿಸುವುದು ಎಂಬುದನ್ನು ಕಚೇರಿ ಈಗಲೇ ತೀರ್ಮಾನಿಸಿಟ್ಟುಕೊಳ್ಳುವುದು ಒಳ್ಳೆಯದು.

ಆದ್ದರಿಂದ ನನ್ನ ಕೋರಿಕೆಗಳು:

(ಅ) ಪೀಪಾಯಿಗಳನ್ನು ನಲವತ್ತು ಮೀಟರ್ ದಕ್ಷಿಣಕ್ಕೆ ಸರಿಸಬೇಕು. ಇಬ್ಬರು ಆಳು, ಅರ್ಧ ದಿನದ ಕೆಲಸ.

(ಆ) ಹದಿನೆಂಟರ ವಿಚಾರಣೆಯನ್ನು ತಮ್ಮ ಕೋಣೆಯಲ್ಲಿ ನಡೆಸದೆ, ಘಟನೆ ನಡೆಯದ ಸ್ಥಳದಲ್ಲಿ, ಅಂದರೆ ದಿಬ್ಬದ ಮೇಲೆ ನಡೆಸಬೇಕು. ಅಂದು ಇಳಿತ ಹನ್ನೊಂದು ನಲವತ್ತಕ್ಕೆ. ಉತ್ತರ ದಂಡೆಯಿಂದ ನಡೆದೇ ಹೋಗಬಹುದು, ನಡುವೆ ಮೊಣಕಾಲುದ್ದ ನೀರು. ಮೇಜು, ನಾಲ್ಕು ಕುರ್ಚಿ, ಕುಡಿಯುವ ನೀರಿನ ವ್ಯವಸ್ಥೆ ನನ್ನದು. ಪ್ಯಾಂಟು ಮಡಚಲು ಸಿಬ್ಬಂದಿಗೆ ಮುಂಚಿತವಾಗಿ ತಿಳಿಸುವುದು.

ತಮ್ಮ ವಿಶ್ವಾಸಿ
(ದಡದ ಮೇಲಿನ ಫಲಕದ ವಿಷಯವೊಂದನ್ನು ಬಿಟ್ಟು),
ಅರ್ಜಿದಾರ

ಲಗತ್ತುಗಳು:
1. ಭಾವನ ಭುಜದ ಎಕ್ಸ್-ರೇ, ಒಂದು.
2. ಅಳತೆ ಪುಸ್ತಕ ಹಾಗೂ ಉಬ್ಬರ ಇಳಿತದ ಪಟ್ಟಿಯ ಪ್ರತಿಗಳು.
3. ಇಲ್ಲದ ದಿಬ್ಬದ ಮರಳು, ಒಂದು ಪೊಟ್ಟಣ.

ವಿ.ಸೂ.: ವಿಚಾರಣೆ ಹನ್ನೆರಡೂವರೆಯ ಒಳಗೆ ಮುಗಿಯಬೇಕು. ತಮ್ಮ ಕಚೇರಿಯ ಯಾವ ವಿಚಾರಣೆಯೂ ಈವರೆಗೆ ಎರಡು ಗಂಟೆಗೆ ಮೊದಲು ಮುಗಿದ ದಾಖಲೆ ಸಿಗಲಿಲ್ಲ. ಅಂದು ದಿಬ್ಬದ ಮೇಲೆ ಒಂದೂವರೆಗೆ ತೊಡೆಮಟ್ಟ, ಎರಡೂವರೆಗೆ ಎದೆಮಟ್ಟ ನೀರು ಬರುತ್ತದೆ. ನಡೆದು ಬಂದ ದಾರಿ ಅದಕ್ಕೂ ಮೊದಲೇ ಮುಳುಗಿರುತ್ತದೆ. ತಮ್ಮ ಅಳತೆ ಬೋಟಿಗೆ ಆಳುದ್ದ ನೀರು ಬೇಕಾದ ಕಾರಣ ಅದು ನಾಲ್ಕು ಗಂಟೆಯವರೆಗೆ ಅಲ್ಲಿಗೆ ಬರಲಾರದು. ದಕ್ಷಿಣದ ಆಳದ ನೀರಿನಲ್ಲಿ ನನ್ನ ಬೋಟು ಯಾವ ಹೊತ್ತಿನಲ್ಲಾದರೂ ಬರಬಲ್ಲದು. ಆದರೆ ಪರವಾನಗಿ ಇಲ್ಲದೆ ಬೋಟು ನಡೆಸುವುದು, ಪೀಪಾಯಿಗಳ ಸಾಲು ಬಿಟ್ಟು ಹೋಗುವುದು, ಎರಡೂ ಅಪರಾಧವಾದ ಕಾರಣ ನಾನು ಬರುವ ಹಾಗಿಲ್ಲ. ಆದ್ದರಿಂದ ಹದಿನೆಂಟನೇ ತಾರೀಖು ಕುರ್ಚಿಯಲ್ಲಿ ಕೂರುವ ಮೊದಲು ನನ್ನ ಪರವಾನಗಿಯನ್ನೂ, ಸಾಲು ದಾಟಲು ಲಿಖಿತ ಅಪ್ಪಣೆಯನ್ನೂ, ಸಹಿ ಒಣಗಿಸಿ, ದಡದ ಮೇಲಿರುವ ನನ್ನ ಕೈಗೆ ಕೊಟ್ಟು ಹೋಗಬೇಕಾಗಿ ಕೋರಿಕೆ.